ಹಾಡಿನ ಹಿಂದಿನ ಕಥೆ: ಹರಿವರಾಸನ



ಹೋದ ವಾರ ಕಲ್ಯಾಣದಲ್ಲಿ ಭಜನೆ ಮುಗಿಸಿ ಪ್ರಸಾದ ಹಂಚುತ್ತಿದ್ದಾಗ ಒಬ್ಬ ಕನ್ನಿ ಸ್ವಾಮಿ ಕೇಳಿದ: "ಗುರುಸ್ವಾಮಿ, ನಮ್ಮ ಅಜ್ಜ ಹರಿವರಾಸನ ಹಾಡುವಾಗ ಪ್ರತಿ ಸಾಲಿಗೂ 'ಸ್ವಾಮಿ' ಅಂತ ಸೇರಿಸ್ತಿದ್ರು. ನಾವ್ಯಾಕೆ ಬಿಟ್ಟಿದ್ದೀವಿ?"

"ಯೇಸುದಾಸ್ ಹಾಗೇ ಹಾಡಿದ್ದಾರಲ್ಲ" ಅಂದುಬಿಟ್ಟೆ. ಠಾಣೆಗೆ ಬರುವ ಲೋಕಲ್‌ನಲ್ಲಿ ಕೂತ ಮೇಲೆ, ಅದು ಉತ್ತರವೇ ಅಲ್ಲ ಅನ್ನಿಸಿತು. ಆ ಹುಡುಗನಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ವರ್ಷ ಮೊದಲ ಸಲ ಮಾಲೆ ಹಾಕಿದವರೆಲ್ಲ ಓದಿ.

ಮಲೆಯಲ್ಲಿ ರಾತ್ರಿ ನಡೆ ಮುಚ್ಚುವ ಹೊತ್ತನ್ನು ನೀವು ಇನ್ನೂ ನೋಡಿಲ್ಲ. ಹಾಡು ಶುರುವಾದಾಗ ಒಳಗೆ ಮೇಲ್ಶಾಂತಿ ಮತ್ತು ಪರಿಕರ್ಮಿಗಳೂ ಹಾಡುತ್ತಾರೆ. ಪರಿಕರ್ಮಿಗಳು ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ, ದೀಪಗಳು ಒಂದೊಂದಾಗಿ ಆರುತ್ತವೆ, ಹಾಡು ಮುಗಿಯುವಾಗ ಬಾಗಿಲು ಹಾಕುತ್ತದೆ. ಸ್ವಾಮಿಯನ್ನು ಮಲಗಿಸುವ ಜೋಗುಳ ಅದು. ನಾವು ಡೊಂಬಿವಲಿಯಲ್ಲಿ ಹತ್ತೂವರೆಯ ಲೋಕಲ್ ಹಿಡಿಯಬೇಕೆಂದು ಓಡಿಸಿಕೊಂಡು ಹಾಡುವ ಹಾಡಲ್ಲ!

ಇದನ್ನು ಬರೆದವರು ಕಂಬಂಗುಡಿ ಕುಳತ್ತೂರು ಶ್ರೀನಿವಾಸ ಅಯ್ಯರ್ ಎಂದು ಬಹಳ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಕೋನ್ನಕತ್ತ್ ಜಾನಕಿ ಅಮ್ಮ ಎಂಬುವರ ಮನೆಯವರು ಮಾತ್ರ, 1923ರಲ್ಲಿ ಜಾನಕಿ ಅಮ್ಮನೇ ಇದನ್ನು ಬರೆದು ಸ್ವಾಮಿಗೆ ಕಾಣಿಕೆಯಾಗಿ ಅರ್ಪಿಸಿದರು ಎನ್ನುತ್ತಾರೆ. ಅವರ ತಂದೆ ಶಬರಿಮಲೆಯಲ್ಲಿ ಮೇಲ್ಶಾಂತಿಯಾಗಿದ್ದರು ಎಂಬುದೂ ಆ ಮನೆಯವರ ಮಾತು. ಎರಡು ಹೆಸರನ್ನೂ ನೆನಪಿಡಿ, ಇದಕ್ಕಾಗಿ ಯಾರೊಡನೆಯೂ ಜಗಳ ಬೇಡ.

ನನಗೆ ಬರೆದವರಿಗಿಂತ ಹೆಚ್ಚಾಗಿ ಮನಸ್ಸಿನಲ್ಲಿ ಕೂತವರು ವಿ.ಆರ್. ಗೋಪಾಲ ಮೇನನ್. ಹಳೆಯ ಭಕ್ತರು ಹೇಳುವ ಕಥೆ ಹೀಗಿದೆ. ಮಲೆಗೆ ಈಗಿನ ಹಾಗೆ ಜನ ಬರದಿದ್ದ ಕಾಲ, ಸುತ್ತ ಕಾಡು. ಮೇನನ್ ಅಲ್ಲೇ ಉಳಿದುಕೊಂಡು, ದಿನಾ ನಡೆ ಮುಚ್ಚುವಾಗ ಇದನ್ನು ಹಾಡುತ್ತಿದ್ದರು. ಆಗ ಮೇಲ್ಶಾಂತಿಯಾಗಿದ್ದವರು ಈಶ್ವರನ್ ನಂಬೂದಿರಿ. ಮುಂದೆ ಮೇನನ್ ಮಲೆ ಬಿಡಬೇಕಾಯಿತು, ವಂಡಿಪೆರಿಯಾರ್ ಕಡೆಯ ಟೀ ತೋಟದಲ್ಲಿ ಯಾರೂ ಇಲ್ಲದವರಂತೆ ತೀರಿಕೊಂಡರು. ಮುಂದಿನ ಸಲ ನಡೆ ತೆರೆದಾಗ ನಂಬೂದಿರಿಗೆ ಸುದ್ದಿ ತಿಳಿಯಿತು. ಆ ರಾತ್ರಿ ಬಾಗಿಲು ಹಾಕುವಾಗ ಗೆಳೆಯ ಹಾಡುತ್ತಿದ್ದದ್ದನ್ನು ಅವರೇ ಹಾಡಿದರು. ಅಂದಿನಿಂದ ಅದು ಪದ್ಧತಿಯಾಯಿತಂತೆ. ದೊಡ್ಡ ಅಧಿಕಾರವಿಲ್ಲದ, ಸ್ವಂತ ಮನೆಯೂ ಇಲ್ಲದ ಒಬ್ಬ ಮನುಷ್ಯನ ರಾತ್ರಿಯ ಅಭ್ಯಾಸ ಇವತ್ತು ಸನ್ನಿಧಾನದ ಕ್ರಮ!

ಇನ್ನು ನಮ್ಮ ಮೊಬೈಲಿನಲ್ಲಿರುವ ಹಾಡು. ಅದು 1975ರ ಮಲಯಾಳಂ ಸಿನಿಮಾ 'ಸ್ವಾಮಿ ಅಯ್ಯಪ್ಪನ್' ಚಿತ್ರದ್ದು. ನಿರ್ಮಿಸಿ ನಿರ್ದೇಶಿಸಿದವರು ಮೆರಿಲ್ಯಾಂಡ್ ಸ್ಟುಡಿಯೋದ ಪಿ. ಸುಬ್ರಹ್ಮಣ್ಯಂ. ಮಧ್ಯಮಾವತಿ ರಾಗದಲ್ಲಿ ಕೂರಿಸಿದವರು ಜಿ. ದೇವರಾಜನ್, ದೇವರನ್ನು ನಂಬದವರೆಂದೇ ಹೆಸರಾದವರು. ಹಾಡಿದವರು ಫೋರ್ಟ್ ಕೊಚ್ಚಿಯ ಕ್ರೈಸ್ತ ಮನೆಯಲ್ಲಿ ಹುಟ್ಟಿದ ಯೇಸುದಾಸ್. ಸ್ವಾಮಿ ಯಾರ ಕೈಯಲ್ಲಿ ಯಾವ ಕೆಲಸ ಮಾಡಿಸುತ್ತಾನೋ ನೋಡಿ. ಸಿನಿಮಾದ ಲಾಭದಲ್ಲಿ ಒಂದು ಪಾಲು ಪಂಪೆಯಿಂದ ಸನ್ನಿಧಾನಕ್ಕೆ ಹೋಗುವ ದಾರಿಗೆ ಖರ್ಚಾಯಿತು, ಅದೇ ಸ್ವಾಮಿ ಅಯ್ಯಪ್ಪನ್ ರಸ್ತೆ. ಮಲೆಯಲ್ಲಿ ಆ ದಾರಿ ಸಿಕ್ಕಾಗ ಇದು ನೆನಪಾಗಲಿ.

ಈಗ ಹುಡುಗನ ಪ್ರಶ್ನೆ. ಮೂಲದಲ್ಲಿ ಸಾಲುಸಾಲಿಗೂ 'ಸ್ವಾಮಿ' ಇದೆ. ಸಿನಿಮಾಕ್ಕೆ ಹಾಡಿಸುವಾಗ ಅದನ್ನು ಬಿಟ್ಟರು. ಅಷ್ಟೇ ಅಲ್ಲ, ಶತ್ರುಗಳನ್ನು ಅಡಗಿಸುವವನು ಎಂಬ ಅರ್ಥದ ಪದದಲ್ಲಿ 'ಅರಿ' ಎಂಬುದನ್ನು ಬಿಡಿಸಿ ಹೇಳಬೇಕಿತ್ತು, ಧ್ವನಿಮುದ್ರಿಕೆಯಲ್ಲಿ ಮುಂದಿನದಕ್ಕೆ ಅಂಟಿಕೊಂಡಿದೆ. 2017ರಲ್ಲಿ ತಿರುವಾಂಕೂರು ದೇವಸ್ವಂ ಬೋರ್ಡ್ ಇವನ್ನು ಸರಿಪಡಿಸಿ ಯೇಸುದಾಸರಿಂದಲೇ ಮತ್ತೆ ಹಾಡಿಸುವುದಾಗಿ ಹೇಳಿತ್ತು.

ನಾನು ಹಾಡು ಕಲಿತದ್ದು ಕ್ಯಾಸೆಟ್ಟಿನಿಂದ. ಅದನ್ನೇ ಇಷ್ಟು ವರ್ಷ ನಿಮ್ಮ ಅಣ್ಣಂದಿರಿಗೆ ಕಲಿಸಿದೆ. ತಪ್ಪು ನನ್ನದು, ಯೇಸುದಾಸರ ಮೇಲೆ ಹಾಕಿದ್ದು ಇನ್ನೊಂದು ತಪ್ಪು.

ನಿಮ್ಮಲ್ಲಿ ಅನೇಕರು ಮರಾಠಿ ಅಥವಾ ಇಂಗ್ಲಿಷ್ ಶಾಲೆಯಲ್ಲಿ ಓದಿದವರು, ಕನ್ನಡ ಅಕ್ಷರ ತಡವರಿಸುತ್ತದೆ ಎಂದು ಸಂಕೋಚಪಡಬೇಡಿ. ಹಾಡು ಸಂಸ್ಕೃತದ್ದು, ದೇವನಾಗರಿಯಲ್ಲಿ ಬರೆದುಕೊಂಡರೂ ಸರಿ, ಪದ ಬಿಡಿಸಿ ಬರೆದುಕೊಳ್ಳಿ. ಶನಿವಾರ ನೆರೂಳ್ ಭಜನೆಯಲ್ಲಿ ಸ್ಪೀಕರ್ ಹಾಕುವುದಿಲ್ಲ. 'ಸ್ವಾಮಿ' ಸೇರಿಸಿ, ನಿಧಾನವಾಗಿ, ನಾವೇ ಹಾಡೋಣ. ಕಲ್ಯಾಣದ ಆ ಕನ್ನಿ ಸ್ವಾಮಿ, ನಿನ್ನ ಅಜ್ಜ ಹಾಡುತ್ತಿದ್ದ ಹಾಗೆ ನೀನೇ ಮೊದಲ ಸಾಲು ಎತ್ತಿಕೊಡಬೇಕು. ಎಂಟು ಗಂಟೆಗೆ ಬಂದುಬಿಡಪ್ಪ.

ಸ್ವಾಮಿ ಶರಣಂ.