ಬೆರಳಿಗೆ ಆಟ ಕಟ್ಟಿ, ಚಿತ್ರಕ್ಕಲ್ಲ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹುಡುಗ ಹುಡುಗಿಯರು ಮೊಬೈಲ್ ಗೇಮ್ ಮಾಡಬೇಕೆಂದು ಹೊರಟರೆ ನಾನು ಹೇಳುವುದು ಇಷ್ಟು. ತಮ್ಮಾ, ತಂಗೀ, ಕಾರ್ ರೇಸು, ಗುಂಡಿನ ಕಾಳಗ ಆಮೇಲೆ ಇರಲಿ. ಗೊತ್ತಿರುವುದನ್ನು ಕಟ್ಟಿ. ಬಿಳಿಜೋಳದ ತೆನೆ ಹಾಲು ತುಂಬುವಾಗ ಅಟ್ಟದ ಮೇಲೆ ನಿಂತು, ಕವಣಿ ಬೀಸಿ, ಹಕ್ಕಿ ಓಡಿಸುವುದು ನಮ್ಮ ಹೊಲದ ಕೆಲಸ. ಅದನ್ನೇ ಸ್ಕ್ರೀನಿಗೆ ತನ್ನಿ. ಗಿಳಿ, ಗುಬ್ಬಿ ಒಂದೊಂದೂ ಒಂದು ಸ್ಪ್ರೈಟ್, ಅಂದರೆ ಆಟದಲ್ಲಿ ಓಡಾಡುವ ಬಿಡಿ ಚಿತ್ರ; ಕವಣಿ ಇನ್ನೊಂದು. ಹಕ್ಕಿ ಮುಟ್ಟಿದರೆ ಹಾರಬೇಕು, ಕವಣಿಯನ್ನು ಬೆರಳಿಂದ ಸುತ್ತಿಸಿ ಬಿಟ್ಟರೆ ಕಲ್ಲು ಹೋಗಬೇಕು. ಟಚ್ ಬಗ್ಗೆ ಕಲಿಯಬೇಕಾದದ್ದು ಬಹುಪಾಲು ಇವೆರಡರಲ್ಲೇ ಬಂದುಹೋಗುತ್ತದೆ.

ಲ್ಯಾಪ್‌ಟಾಪ್ ಇಲ್ಲ ಎನ್ನುವ ನೆಪ ಈಗ ನಡೆಯದು. ಗೊಡೊ ಎಂಬ ಗೇಮ್ ಎಂಜಿನ್ ಪುಕ್ಕಟೆ ಸಿಗುತ್ತದೆ, 2022ರ 3.5 ಆವೃತ್ತಿಯಿಂದ ಅದರ ಎಡಿಟರ್ ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತದೆ. ಸಣ್ಣ ಊರಿನವರೆಂಬ ಸಂಕೋಚವೂ ಬೇಡ. ಎಷ್ಟೋ ಫೋನ್ ಆಟಗಳಿಗೆ ಬುನಾದಿಯಾದ ಕೊಕೊಸ್2ಡಿ ಹುಟ್ಟಿದ್ದು 2008ರಲ್ಲಿ, ಅರ್ಜೆಂಟೀನಾದ ಲೋಸ್ ಕೊಕೋಸ್ ಎಂಬ ಸಣ್ಣ ಊರಿನಲ್ಲಿ. ಅದರ ಹೆಸರೂ ಆ ಊರಿನದೇ.

ಈಗ ಹಕ್ಕಿ. ಬೆರಳು ಬಿದ್ದ ಜಾಗವನ್ನು ಫೋನು ಸ್ಕ್ರೀನಿನ ಲೆಕ್ಕದಲ್ಲಿ ಹೇಳುತ್ತದೆ, ಹಕ್ಕಿ ಇರುವುದು ಹೊಲದ ಲೆಕ್ಕದಲ್ಲಿ. ಕ್ಯಾಮೆರಾ ಸರಿದರೆ, ಜೂಮ್ ಆದರೆ ಎರಡಕ್ಕೂ ತಾಳೆಯಾಗುವುದಿಲ್ಲ. ಸಾಲದ್ದಕ್ಕೆ ಆಂಡ್ರಾಯ್ಡ್ ಎಡಗಡೆಯ ಮೇಲ್ಮೂಲೆಯಿಂದ ಎಣಿಸಿದರೆ ಯೂನಿಟಿ ಎಂಬ ಇನ್ನೊಂದು ಗೇಮ್ ಎಂಜಿನ್ ಎಡಗಡೆಯ ಕೆಳಮೂಲೆಯಿಂದ ಎಣಿಸುತ್ತದೆ. ಮೇಲೆ ಮುಟ್ಟಿದರೆ ಕೆಳಗಿನ ಹಕ್ಕಿ ಹಾರುತ್ತದೆ ಎಂದು ತಲೆ ಕೆರೆದುಕೊಳ್ಳುವವರು ಮೊದಲು ಇದನ್ನು ನೋಡಲಿ. ಮುಟ್ಟಿದ ಬಿಂದುವನ್ನು ಹೊಲದ ಲೆಕ್ಕಕ್ಕೆ ತಂದು, ಅಲ್ಲಿಂದ ಆ ಹಕ್ಕಿಯ ಸ್ವಂತ ಲೆಕ್ಕಕ್ಕೆ ಇಳಿಸಿ. ಆಗ ಹಕ್ಕಿ ಓರೆಯಾಗಿ ಹಾರುತ್ತಿದ್ದರೂ ಅದರ ಸುತ್ತಲಿನ ಚೌಕ ನೆಟ್ಟಗಿರುತ್ತದೆ. ಒಳಗೋ ಹೊರಗೋ ಎಂದು ನೋಡುವುದು ಸಲೀಸು.

ಇನ್ನು ನನ್ನ ಹಟದ ಮಾತು. ಚಿತ್ರ ಎಷ್ಟಿದೆಯೋ ಮುಟ್ಟುವ ಜಾಗವೂ ಅಷ್ಟೇ ಇರಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ಮುಟ್ಟುವ ಜಾಗ ಕನಿಷ್ಠ 48 ಡಿಪಿ, ಅಂದರೆ ಸುಮಾರು 9 ಮಿಲಿಮೀಟರ್ ಇರಲಿ ಎನ್ನುತ್ತದೆ ಆಂಡ್ರಾಯ್ಡ್. ಆಪಲ್ ಕಂಪನಿಯದು 44 ಪಾಯಿಂಟ್. ನಿಮ್ಮ ಗುಬ್ಬಿ 4 ಮಿಲಿಮೀಟರ್ ಇದ್ದರೂ ಅದರ ಸುತ್ತ 9 ಮಿಲಿಮೀಟರಿನ ಕಾಣದ ವೃತ್ತ ಇಡಿ. ವೃತ್ತಗಳು ಒಂದರ ಮೇಲೊಂದು ಬಿದ್ದರೆ, ಯಾವುದರ ನಡು ಬೆರಳಿಗೆ ಹತ್ತಿರವೋ ಅದು ಹಾರಲಿ. ದೊಡ್ಡ ಚಿತ್ರಗಳು ಒಂದನ್ನೊಂದು ಮರೆಮಾಡುವಲ್ಲಿ ಮಾತ್ರ ಬಿಡಿಸಿದ ಕ್ರಮಕ್ಕೆ ತಿರುವುಮುರುವಾಗಿ, ಎಲ್ಲಕ್ಕಿಂತ ಮುಂದಿರುವುದರಿಂದ ಕೇಳುತ್ತ ಹೋಗಿ. ಮೊದಲು ಹೌದೆಂದದ್ದಕ್ಕೆ ಟಚ್ ಕೊಟ್ಟು ಅಲ್ಲಿಗೇ ನಿಲ್ಲಿಸಿ. ರೆಕ್ಕೆಯ ಅಂಚಿನ ಪಾರದರ್ಶಕ ಪಿಕ್ಸೆಲ್ ಹುಡುಕುತ್ತ ಕೂರುವವರೂ ಇದ್ದಾರೆ. ಇಂಥ ಆಟಕ್ಕೆ ಅದು ದಂಡದ ಕೆಲಸ.

ಮೌಸಿನ ತುದಿ ಒಂದು ಪಿಕ್ಸೆಲ್. ತೊಗರಿ ಕೊಯ್ದ ಹೆಬ್ಬೆರಳು ಹಕ್ಕಿಯನ್ನೇ ಮುಚ್ಚಿಬಿಡುತ್ತದೆ. ಹಾಗಾಗಿ ಹಕ್ಕಿ ಹಾರಿದ್ದು ಬೆರಳಿನ ಮೇಲ್ಗಡೆ ಕಾಣುವಂತೆ ಮಾಡಿ. ಕಣ್ಣು ಕಂಡಲ್ಲಿಗೆ ಬೆರಳು ತಲುಪುವಷ್ಟರಲ್ಲಿ ಹಕ್ಕಿ ಮುಂದೆ ಹೋಗಿರುತ್ತದೆ. ವೇಗದ ಹಕ್ಕಿಯ ವೃತ್ತವನ್ನು ಅದರ ಬಾಲದ ಕಡೆಗೆ ತುಸು ಸರಿಸಿ. ಇದು ಮೋಸವಲ್ಲ, ಆಡುವವರಿಗೆ ತೋರುವ ಮರ್ಯಾದೆ.

ಕವಣಿಯದು ಬೇರೆಯೇ ಕಥೆ. ಬೆರಳು ಇಟ್ಟ ಕ್ಷಣದಲ್ಲೇ ಆ ಬೆರಳಿನ ಗುರುತುಸಂಖ್ಯೆಯನ್ನೂ, ಬೆರಳಿಗೂ ಕವಣಿಯ ನಡುವಿಗೂ ಇರುವ ಅಂತರವನ್ನೂ ಬರೆದಿಟ್ಟುಕೊಳ್ಳಿ. ಅಂತರ ಬಿಟ್ಟರೆ ಕವಣಿ ಬೆರಳಿನಡಿಗೆ ಗಕ್ಕನೆ ನೆಗೆಯುತ್ತದೆ. ಗುರುತುಸಂಖ್ಯೆ ಬಿಟ್ಟರೆ ಇನ್ನೂ ಕಷ್ಟ. ಮಕ್ಕಳು ಒಂದು ಕೈಲಿ ಕವಣಿ ತಿರುಗಿಸುತ್ತ ಇನ್ನೊಂದರಲ್ಲಿ ಗಿಳಿ ಮುಟ್ಟುತ್ತಾರೆ; ಮೊದಲಿಟ್ಟ ಬೆರಳು ಎತ್ತಿದರೆ ಆಂಡ್ರಾಯ್ಡಿನಲ್ಲಿ ಉಳಿದ ಬೆರಳಿನ ಕ್ರಮಸಂಖ್ಯೆ ಬದಲಾಗುತ್ತದೆ, ಗುರುತುಸಂಖ್ಯೆ ಬದಲಾಗುವುದಿಲ್ಲ. ಮುಟ್ಟಿದ್ದೋ ಎಳೆದದ್ದೋ ಎಂಬ ಅನುಮಾನ ಬಂದರೆ, ಬೆರಳು 8 ಡಿಪಿಯೊಳಗೆ ಅಲುಗಿದ್ದನ್ನು ಆಂಡ್ರಾಯ್ಡ್ ಎಳೆತವೆಂದು ಎಣಿಸುವುದಿಲ್ಲ. ನೀವೂ ಅಲ್ಲಿಂದ ಶುರುಮಾಡಿ.

ಟಚ್ ಯಾವಾಗಲೂ ಬೆರಳು ಎತ್ತುವುದರಿಂದಲೇ ಮುಗಿಯುವುದಿಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. ನಡುವೆ ಫೋನ್ ಬರಬಹುದು, ಅಥವಾ ಸಿಸ್ಟಮ್ಮೇ ಆ ಟಚ್ ಕಿತ್ತುಕೊಂಡು ರದ್ದಾಯಿತೆಂದು ಹೇಳಬಹುದು. ಅದನ್ನು ಕೇಳಿಸಿಕೊಳ್ಳದ ಆಟದಲ್ಲಿ ಕವಣಿ ಬೆರಳಿಲ್ಲದೆಯೂ ತಿರುಗುತ್ತಲೇ ಇರುತ್ತದೆ. 2019ರ ಆಂಡ್ರಾಯ್ಡ್ 10ರಿಂದ ಸ್ಕ್ರೀನಿನ ಅಂಚಿನಿಂದ ಒಳಕ್ಕೆ ಬೆರಳು ಎಳೆದರೆ ಹಿಂದಕ್ಕೆ ಹೋಗುವ ಸೌಕರ್ಯ ಬಂದಿದೆ. ಕವಣಿಯನ್ನು ಅಂಚಿಗೆ ಒತ್ತಿ ಇಟ್ಟರೆ ಆಟದ ನಡುವೆಯೇ ಆಟ ಮುಚ್ಚಿಹೋದೀತು.

ಪರೀಕ್ಷೆಯನ್ನು ಎಮ್ಯುಲೇಟರಿನಲ್ಲಿ ಮುಗಿಸಬೇಡಿ. ಮೇ ತಿಂಗಳ ನಮ್ಮ ಬಿಸಿಲಲ್ಲಿ ಬೆವರಹನಿ ಬಿದ್ದ ಸ್ಕ್ರೀನು ಮುಟ್ಟದ ಕಡೆಯೂ ಮುಟ್ಟಿದರೆಂದು ಹೇಳುತ್ತದೆ. ಒಂದು ಸುಳ್ಳು ಟಚ್‌ಗೆ ಆಟ ಸೋಲುವಂತೆ ಕಟ್ಟಲೇಬಾರದು. ಬಣ್ಣ, ಹಾಡು, ಅಂಕಗಳ ಪಟ್ಟಿ ಎಲ್ಲ ತಡವಾಗಿ ಬರಲಿ. ಈ ವಾರ ಒಂದು ಬರಿ ಚೌಕವನ್ನೇ ಹಕ್ಕಿ ಎಂದುಕೊಂಡು ಮಾಡಿ, ಹೊಲದಿಂದ ಬಂದ ಅಜ್ಜಿಯ ಕೈಗೆ ಫೋನ್ ಕೊಡಿ, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತು ಆಕೆಯ ಬೆರಳು ಎಲ್ಲೆಲ್ಲಿ ಬೀಳುತ್ತದೆ ನೋಡಿ.