ಪಹಣಿಯಲ್ಲಿ ಇಲ್ಲದ್ದು

ಮನೆ ನೋಡಲು ನಾವು ಹೋದದ್ದು ಡಿಸೆಂಬರಿನಲ್ಲಿ. ತಪ್ಪು ಶುರುವಾದದ್ದೇ ಅಲ್ಲಿ. ಆ ತಿಂಗಳಲ್ಲಿ ಕುದ್ರು ಎಂಥವರನ್ನೂ ಮರುಳು ಮಾಡುತ್ತದೆ. ಸುತ್ತಲೂ ಹೊಳೆ, ನೀರಿನತ್ತ ಬಾಗಿದ ತೆಂಗು, ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಜಗಲಿಯಲ್ಲಿ ಕೂತರೆ ಎದ್ದು ಹೋಗಲು ಮನಸ್ಸಾಗದಂಥ ಗಾಳಿ. ಮನೆಯವರು ಬಾವಿಯಿಂದ ಸೇದಿ ಕೊಟ್ಟ ನೀರನ್ನು ಇವರು ಎರಡು ಲೋಟ ಕುಡಿದರು. ತುಮಕೂರಿನ ಬೋರ್‌ವೆಲ್ ನೀರಿನಲ್ಲಿ ಅರ್ಧ ಆಯುಷ್ಯ ಕಳೆದವರಿಗೆ ಅದು ಎಳನೀರಿನ ಹಾಗಿತ್ತು. ದೋಣಿಯಲ್ಲಿ ವಾಪಸು ಬರುವಾಗಲೇ ನಮ್ಮಿಬ್ಬರ ತೀರ್ಮಾನ ಆಗಿಹೋಗಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ನಾನು ಹೈಸ್ಕೂಲಿನಲ್ಲಿ 31 ವರ್ಷ ಭೂಗೋಳ ಕಲಿಸಿದವಳು. ಇವರು ಬ್ಯಾಂಕಿನವರು. ಮದುವೆಯಾದ ಹೊಸತರಲ್ಲಿ ಕುಂದಾಪುರ ಶಾಖೆಯಲ್ಲಿ ಮೂರು ವರ್ಷ ಇದ್ದರು. ಆಗಿನಿಂದಲೂ ನಿವೃತ್ತಿಯಾದ ಮೇಲೆ ಹೊಳೆ ಮಧ್ಯೆ ಮನೆ ಎಂಬ ಜಪ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಕ ಎಂಬ ಐದು ಹೊಳೆಗಳು ಕುಂದಾಪುರದ ಹತ್ತಿರ ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತವೆ. ಹೊಳೆ ತಂದು ಸುರಿದ ಮಣ್ಣಿನ ದ್ವೀಪಗಳೇ ಕುದ್ರುಗಳು. ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರುವನ್ನು ಬಹಳ ಮಂದಿ ಬಲ್ಲರು. ನಮ್ಮದು ಅಷ್ಟು ಹೆಸರಿನದಲ್ಲ. ಹೆಸರು ಬರೆಯುವುದೂ ಇಲ್ಲ. ಬರೆದರೆ ನಾಳೆ ನಾಲ್ಕು ಜನ ಜಾಗ ಕೇಳಿಕೊಂಡು ಬರುತ್ತಾರೆ, ಅಕ್ಕಪಕ್ಕದವರು ನನ್ನನ್ನು ಬಯ್ಯುತ್ತಾರೆ.

ಕಾಗದಪತ್ರದ ವಿಷಯದಲ್ಲಿ ನಾವು ಪೆದ್ದರಾಗಲಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ನಮ್ಮಂಥ ಕೃಷಿಕರಲ್ಲದವರಿಗೂ ತೋಟದ ಜಾಗ ಕೊಳ್ಳುವ ದಾರಿಯಾಗಿತ್ತು. ಜಾಗ 42 ಸೆಂಟ್ಸು, ನಮ್ಮ ಕಡೆಯ ಲೆಕ್ಕದಲ್ಲಿ ಹತ್ತಿರ ಹತ್ತಿರ 17 ಗುಂಟೆ. 1974ರ ತಿದ್ದುಪಡಿಯ ಕಾಲದಲ್ಲಿ ಗೇಣಿದಾರರಿಗೆ ಡಿಕ್ಲರೇಷನ್ ಆದದ್ದು. ಆಮೇಲೆ ಪಾಲಾಗಿರಲಿಲ್ಲ. ಹಾಗಾಗಿ ಐದು ಮಂದಿಯ ಸಹಿ ಬೇಕಾಯಿತು. ಒಬ್ಬರು ಮುಂಬೈ, ಒಬ್ಬರು ಬಹರೈನ್. ಹನ್ನೊಂದು ತಿಂಗಳು ಹಿಡಿಯಿತು. ಋಣಭಾರ ಪತ್ರ, ಪಹಣಿ, ನಕ್ಷೆ ಎಲ್ಲವನ್ನೂ ಇವರು ಸಾಲದ ಅರ್ಜಿ ನೋಡುವ ಕಣ್ಣಿನಿಂದಲೇ ನೋಡಿದರು. ಎಲ್ಲವೂ ಸರಿಯಾಗಿತ್ತು.

ನಾವು ಸೋತದ್ದು ಪಹಣಿಯಲ್ಲಿ ಇಲ್ಲದ ಸಂಗತಿಗಳಲ್ಲಿ.

ಮೊದಲನೆಯದು ಸಣ್ಣದು. ತೋರಿಸುವಾಗ 38 ತೆಂಗಿನ ಮರ ತೋರಿಸಿದ್ದರು. ರಿಜಿಸ್ಟ್ರಿಯಾದ ಮೇಲೆ ಸರ್ವೆಯವರು ಬಂದು ಕಲ್ಲು ನೆಟ್ಟರು. ದಂಡೆಯ ಮೇಲಿನ ಹನ್ನೊಂದು ಮರ ಹೊಳೆ ಪರಂಬೋಕಿಗೆ ಹೋದವು. ಯಾರೂ ಮೋಸ ಮಾಡಿರಲಿಲ್ಲ. ಅವರ ಅಜ್ಜ ನೆಟ್ಟ ಮರ, ಅವರೇ ಕಾಯಿ ಕೀಳಿಸುತ್ತಿದ್ದ ಮರ. ಸರ್ಕಾರದ್ದು ಎಂಬ ಯೋಚನೆ ಅವರಿಗೆ ಬಂದೇ ಇರಲಿಲ್ಲ. ಕಲ್ಲು ಹಾಕಿಸಿಕೊಂಡು ಆಮೇಲೆ ಮುಂಗಡ ಕೊಡಬೇಕಿತ್ತು, ನಾವು ಉಲ್ಟಾ ಮಾಡಿದೆವು. ಮಗಳು ಅಳಿಯ ಬಂದಾಗ ಇರಲಿ ಅಂತ ಮೇಲೊಂದು ಮಹಡಿ ಎಬ್ಬಿಸುವ ಆಸೆಯಿತ್ತು. ಅದಕ್ಕೆ ಸಿಆರ್‌ಝಡ್ ಅಡ್ಡ ಬಂತು. ಉಪ್ಪುನೀರಿನ ಭರತ ಏರಿ ಬರುವ ಹೊಳೆದಂಡೆಗೂ ಕರಾವಳಿ ನಿಯಮವೇ ಅನ್ವಯ. 2019ರ ಅಧಿಸೂಚನೆ ಹಿನ್ನೀರಿನ ದ್ವೀಪಗಳಿಗೆ ಭರತದ ಗೆರೆಯಿಂದ 20 ಮೀಟರ್ ಎಂದು ಹೇಳುತ್ತದೆ. ನಮ್ಮ ಅಡುಗೆಮನೆ ಆ 20ರ ಒಳಗೇ ಇದೆ. ಇದ್ದ ಪಾಯದ ಮೇಲೆ ದುರಸ್ತಿ ಮಾಡಿಕೊಳ್ಳಬಹುದು, ಬೆಳೆಸುವ ಹಾಗಿಲ್ಲ. ಮಗಳು ಈಗ ಬಂದರೆ ಚಾವಡಿಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾಳೆ, ಮೊಮ್ಮಗನಿಗಂತೂ ಅದೇ ಖುಷಿ.

ಎರಡನೆಯದು ಬಾವಿ.

ಮಾರ್ಚ್ ಕೊನೆಯಲ್ಲಿ ಒಂದು ದಿನ ತೊಗರಿಬೇಳೆ ಬೇಯಲಿಲ್ಲ. ಅಂಗಡಿಯವನು ಹಳೇ ಬೇಳೆ ಕೊಟ್ಟಿದ್ದಾನೆ ಅಂತ ಬೈದುಕೊಂಡೆ. ಮರುದಿನ ಸೋಪು ನೊರೆ ಬಿಡಲಿಲ್ಲ. ಮೂರನೆಯ ದಿನ ಕಾಫಿ ಕುಡಿದು ಇವರು ಲೋಟವನ್ನೇ ನೋಡಿದರು. "ಸಕ್ಕರೆ ಡಬ್ಬಿ ಉಪ್ಪಿನ ಡಬ್ಬಿ ಅದಲು ಬದಲು ಮಾಡಿದ್ದೀಯಾ?" ಪಕ್ಕದ ಮನೆಯ ಅಕ್ಕನನ್ನು ಕರೆದೆ. ಅವರು ಕೊಡಪಾನದಲ್ಲಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, ಕ್ಯಾಲೆಂಡರ್ ಓದಿದಷ್ಟು ಸಲೀಸಾಗಿ ಹೇಳಿದರು: "ನೀರ್ ಉಪ್ಪಾಯ್ತ್ ಟೀಚರೇ. ವರ್ಷವೂ ಆತ್ತ್. ಮಳೆ ಬಂದ್ರೆ ಸಮ ಆತ್ತ್."

ಮಳೆಗೆ ಇನ್ನೂ ಎರಡೂವರೆ ತಿಂಗಳಿತ್ತು. ಮೊದಲೇ ಯಾಕೆ ಹೇಳಲಿಲ್ಲ ಅಂದೆ. "ನೀವ್ ಕೇಣ್ಲಿಲ್ಲ" ಅಂದರು. ಅದೂ ನಿಜವೇ.

ನಾಚಿಕೆಯಾದದ್ದು ಉಪ್ಪಿಗಲ್ಲ. ಇದನ್ನೇ ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಕಲಿಸಿದ್ದೆ! ದ್ವೀಪದ ನೆಲದೊಳಗೆ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಎಣ್ಣೆ ತೇಲುವ ಹಾಗೆ. ಸಿಹಿನೀರು ಹಗುರ. ಸಮುದ್ರಮಟ್ಟಕ್ಕಿಂತ ಒಂದಡಿ ಮೇಲಿದ್ದರೆ ಸುಮಾರು ನಲವತ್ತು ಅಡಿ ಕೆಳಗೆ ಇಳಿದಿರುತ್ತದೆ. ಅಂದರೆ ಮೇಲಿನಿಂದ ಒಂದಡಿ ಎಳೆದುಕೊಂಡರೆ ಕೆಳಗಿನ ಉಪ್ಪು ಅದರ ಎಷ್ಟೋ ಪಟ್ಟು ಎದ್ದು ಬರುತ್ತದೆ. ಇವರು ಬಂದ ವಾರವೇ ಒಂದೂವರೆ ಎಚ್‌ಪಿ ಮೋಟರ್ ಇಳಿಸಿ, ದಿನಾ ಒಂದು ಗಂಟೆ ಬಿಟ್ಟು ತೋಟಕ್ಕೆಲ್ಲ ಹಾಯಿಸಿದ್ದರು. ಬಾಳೆ ಸೊಂಪಾಗಿತ್ತು, ಬಾವಿ ಕೆಟ್ಟಿತ್ತು. ರಾಟೆಯಲ್ಲಿ ಕೊಡ ಕೊಡವಾಗಿ ಸೇದುತ್ತಿದ್ದ ಹಿಂದಿನವರಿಗೆ ಏಪ್ರಿಲ್ ಮಧ್ಯದವರೆಗೂ ಸಿಹಿನೀರು ಬರುತ್ತಿತ್ತಂತೆ.

ಈಗ ಅರ್ಧ ಎಚ್‌ಪಿ ಮೋಟರ್, ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಮಾಡಿಗೆ ದೋಣಿ ಹಾಕಿಸಿ (ನೀರಿಳಿಯುವ ತಗಡಿನ ದೋಣಿ, ದಾಟುವ ದೋಣಿಯಲ್ಲ) 10,000 ಲೀಟರಿನ ಟ್ಯಾಂಕ್ ಕೂರಿಸಿದೆವು. ಇಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ 4000 ಮಿಲಿಮೀಟರ್ ಮಳೆ. 100 ಚದರ ಮೀಟರ್ ಮಾಡಿನ ಮೇಲೆ ಬೀಳುವುದೇ 4 ಲಕ್ಷ ಲೀಟರ್. ಅಷ್ಟೂ ನಾಲ್ಕು ತಿಂಗಳಲ್ಲಿ ಬಂದು ಹೊಳೆಗೆ ಹೋಗುತ್ತದೆ. ನಮಗೆ ಕುಡಿಯಲು, ಅಡುಗೆಗೆ ಹಿಡಿದಿಟ್ಟ 10,000 ಸಾಕು. ಮೊದಲ ಎರಡು ಮಳೆಯ ನೀರನ್ನು ಚೆಲ್ಲಬೇಕು, ಹೆಂಚಿನ ಮೇಲಿನ ವರ್ಷದ ಕೊಳೆಯೆಲ್ಲ ಅದರಲ್ಲೇ ಇಳಿಯುತ್ತದೆ.

ಸಾಗಾಟದ ಮಾತು ಬೇಗ ಮುಗಿಸುತ್ತೇನೆ. ಸಿಮೆಂಟಿಗೆ ಅಂಗಡಿಯಲ್ಲಿ ಕೊಟ್ಟದ್ದು ಬರೀ ಮುಂಗಡ ಇದ್ದ ಹಾಗೆ. ಲಾರಿಯಿಂದ ದಕ್ಕೆಗೆ ಒಂದು ಕೂಲಿ, ದೋಣಿಗೆ ಒಂದು, ದೋಣಿಯಿಂದ ಅಂಗಳಕ್ಕೆ ಇನ್ನೊಂದು. ಗೆದ್ದಲು ತಿಂದ ಪಕಾಸು, ರೀಪು ಬದಲಿಸುವ ಕೆಲಸಕ್ಕೆ ನಾವು ಇಟ್ಟುಕೊಂಡ ದುಡ್ಡು ದುಪ್ಪಟ್ಟಾಯಿತು. ಫ್ರಿಜ್ಜಿನ ಹಿಂಭಾಗ ಎರಡು ವರ್ಷದಲ್ಲಿ ತುಕ್ಕು ಹಿಡಿದು ಉದುರಿತು. ಮಳೆಗಾಲದಲ್ಲಿ ನನ್ನ ರೇಷ್ಮೆ ಸೀರೆಗಳಿಗೆ ಬೂಷ್ಟು ಬಂದದ್ದನ್ನು ಮಾತ್ರ ಇನ್ನೂ ಮರೆತಿಲ್ಲ.

ಒಂದು ಮಾಘದ ಬೆಳಗಿನ ಜಾವ ಇವರಿಗೆ ಮೂತ್ರ ಕಟ್ಟಿತು. ದೋಣಿಯ ಹುಡುಗ ಫೋನಿಗೆ ಸಿಕ್ಕಿದ, ಬಂದ. ಆದರೆ ಹೊಳೆ ಇಳಿತದಲ್ಲಿತ್ತು. ದೋಣಿ ಮೆಟ್ಟಿಲಿನವರೆಗೆ ಬರಲಾರದೆ ಐವತ್ತು ಹೆಜ್ಜೆ ಆಚೆಗೇ ನಿಂತಿತು. ನಡುವೆ ಮೊಣಕಾಲುದ್ದ ಕೆಸರು. ಅಕ್ಕನ ಇಬ್ಬರು ಗಂಡುಮಕ್ಕಳು ಇವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತರು. ನಾನು ಹಿಂದಿನಿಂದ ಟಾರ್ಚ್ ಹಿಡಿದು ಹೋದೆ. ಒಂದು ಚಪ್ಪಲಿ ಕೆಸರಲ್ಲೇ ಉಳಿಯಿತು, ಮಣಿಪಾಲದ ಆಸ್ಪತ್ರೆಯಲ್ಲಿ ಒಂಟಿ ಚಪ್ಪಲಿಯಲ್ಲಿ ಓಡಾಡಿದೆ. ಭರತ ಇಳಿತ ದಿನಕ್ಕೆ ಐವತ್ತು ನಿಮಿಷದಂತೆ ತಡವಾಗುತ್ತಾ ಹೋಗುತ್ತದೆ ಎಂಬುದೂ ನಾನು ಕಲಿಸಿದ ಪಾಠವೇ. ಈಗ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಇಳಿತದ ಹೊತ್ತನ್ನೂ ಬರೆಯುತ್ತೇನೆ. ಹೊಳೆ ಕೆರಳುವ ಜುಲೈ ತಿಂಗಳಿಗೆ ಕುಂದಾಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇವೆ. ಸ್ವಂತ ಮನೆ ಇಟ್ಟುಕೊಂಡು ಬಾಡಿಗೆ ಕಟ್ಟುವುದು ಇವರಿಗೆ ಸುತರಾಂ ಒಗ್ಗಿಲ್ಲ. ನನಗೆ ಆ ಕುರ್ಚಿ ಕಣ್ಣಮುಂದೆ ಇದೆ, ಹಾಗಾಗಿ ಚರ್ಚೆಗೆ ಬಿಡುವುದಿಲ್ಲ.

ಇನ್ನು ನಾಗ. ಜಾಗದ ಈಶಾನ್ಯ ಮೂಲೆಯಲ್ಲಿ ನಾಲ್ಕೈದು ಮರ, ಬಳ್ಳಿ, ನಡುವೆ ಪಾಚಿ ಕಟ್ಟಿದ ಕಲ್ಲು. "ಒಂದು ನಾಗನ ಕಲ್ಲುಂಟು, ವರ್ಷಕ್ಕೊಮ್ಮೆ ಬಂದು ಹೋಗುತ್ತೇವೆ" ಎಂದು ಮಾರಿದವರು ಹೇಳಿದ್ದರು, ನಾವು ತಲೆಯಾಡಿಸಿದ್ದೆವು. ಅದನ್ನು ಪೊದೆ ಅಂತ ತಿಳಿದು ಇವರು ಸವರಲು ಆಳಿಗೆ ಹೇಳಿದರು. ಅವನು ಕತ್ತಿಯನ್ನು ಜಗಲಿಯ ಮೇಲಿಟ್ಟು, ಆ ದಿನದ ಸಂಬಳವನ್ನೂ ಕೇಳದೆ ಹೋಗಿಬಿಟ್ಟ. ಮೂರು ವಾರ ಯಾರೂ ಕೆಲಸಕ್ಕೆ ಬರಲಿಲ್ಲ. ಅಷ್ಟಕ್ಕೇ ಬುದ್ಧಿ ಬರಲಿಲ್ಲ. ದಂಡೆಯಿಂದ ಬನಕ್ಕೆ ಹೋಗುವ ಕಾಲುದಾರಿಗೆ ಬೇಲಿ ಹಾಕಿಸಿ, ಗೇಟು ಮಾಡಿಸಿ, ಬೀಗ ಜಡಿದೆವು.

ಆ ವರ್ಷದ ನಾಗರಪಂಚಮಿಯ ಬೆಳಿಗ್ಗೆ ಮೂರು ಸಲ ದೋಣಿ ಬಂತು. ಎಣಿಸಿದೆ, 43 ಜನ. ಮುಂಬೈಯಿಂದ ಬಂದವರೇ ಹನ್ನೆರಡು. ಸೀಯಾಳ, ಹಿಂಗಾರ, ಅರಸಿನ ಎಲೆ, ಹಾಲು ಹಿಡಿದುಕೊಂಡು ಗೇಟಿನ ಹೊರಗೆ ಮಳೆಯಲ್ಲಿ ನಿಂತಿದ್ದರು. ಒಬ್ಬರೂ ಸಿಟ್ಟು ಮಾಡಲಿಲ್ಲ. ಬೀಗವನ್ನು ನೋಡಿದರು, ನಮ್ಮನ್ನು ನೋಡಿದರು. ನಾನು ಬೀಗದ ಕೈ ಹುಡುಕಿದ ಆ ಐದು ನಿಮಿಷದಷ್ಟು ಉದ್ದದ ಹೊತ್ತು ನನ್ನ ನೌಕರಿಯಲ್ಲೂ ಕಂಡಿರಲಿಲ್ಲ. ಗೇಟು ಆಮೇಲೆ ಗುಜರಿಗೆ ಹೋಯಿತು. ವಕೀಲರನ್ನು ಕೇಳಿದ್ದರೆ ದಾರಿ ಹಕ್ಕಿನ ಕಲಮು ಹೇಳುತ್ತಿದ್ದರೇನೋ. ಕ್ರಯಪತ್ರದಲ್ಲಂತೂ ಆ ದಾರಿಯ ಬಗ್ಗೆ ಒಂದು ಸಾಲೂ ಇಲ್ಲ.

ನಾಗನಿಗೆ ಹಾಲು, ಸೀಯಾಳ ಎರೆದು ತನು ಹಾಕಿ ಮುಗಿದ ಮೇಲೆ ಅವರ ಪೈಕಿ ಎಂಬತ್ತು ದಾಟಿದ ಅಜ್ಜಿ, ಈ ಮನೆಯಲ್ಲೇ ಹುಟ್ಟಿದವರು, ಸೀದಾ ನನ್ನ ಅಡುಗೆಮನೆಗೆ ಬಂದರು. ಕಿಟಕಿಯ ಕೆಳಗಿನ ಮೂಲೆಗೆ ಕೈ ಚಾಚಿದರು. ಅಲ್ಲಿ ನಾನು ಮಿಕ್ಸಿ ಇಟ್ಟಿದ್ದೆ.

"ಹೆಣೆ, ಉಪ್ಪಿನ್ ಮರ್ಗಿ ಎಲ್ಲಿಟ್ಟೆ?"

ಅರವತ್ತೆರಡರಲ್ಲಿ ಹೆಣೆ ಅನ್ನಿಸಿಕೊಂಡದ್ದು ಹಿತವಾಗಿತ್ತು. ಅಟ್ಟದಲ್ಲಿದೆ ಅಂದೆ. ತೆಗೆಸಿ, ಒರೆಸಿ, ಅಲ್ಲೇ ಇಡಿಸಿದರು. ಮಿಕ್ಸಿ ಪಕ್ಕಕ್ಕೆ ಸರಿಯಿತು. ಆಮೇಲೆ ಬಾವಿಕಟ್ಟೆಗೆ ಹೋಗಿ, ನಾನು ಬೇಡವೆಂದರೂ ಕೇಳದೆ ತಾವೇ ಅರ್ಧ ಕೊಡ ಸೇದಿದರು. ಬೊಗಸೆಯಲ್ಲಿ ಹಿಡಿದು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಮ್ಮ್ ಬಾವಿ ನೀರ್ ಸೀ, ಅಲ್ದಾ?"

"ಹೌದಜ್ಜಿ" ಅಂದೆ. ಏಪ್ರಿಲಿನ ಸುದ್ದಿ ಎತ್ತಲಿಲ್ಲ.