“ಶ್ಯಾಲೋ” ಎಂಬ ಇಂಗ್ಲಿಷ್ ಮಾತು

ನಮ್ಮ ಮಕ್ಕಳ ಇಂಗ್ಲಿಷ್ ಪಾಠಗಳಲ್ಲಿ “ಶ್ಯಾಲೋ” ಎಂಬ ಮಾತು ಬರುವದುಂಟು. ಆಳವಿಲ್ಲದ್ದು ಎಂಬದೇ ಅದರ ಅರ್ಥ. ನಾವಾದರೋ ನೀರಿನ ವಿಷಯದಲ್ಲಿ ಅಷ್ಟಕ್ಕೇ ಬಿಡುವವರಲ್ಲ. ಹೊಳೆ ದಾಟುವವನು ಕೇಳಿದರೆ ಮೊಣಕಾಲುದ್ದ, ಸೊಂಟದುದ್ದ, ಎದೆಯುದ್ದ, ಆಳುದ್ದ ಎಂದು ದೇಹದಿಂದಲೇ ಅಳೆದು ಹೇಳುತ್ತೇವೆ. ಪ್ರವಾದಿಯಾದ ಯೆಹೆಜ್ಕೇಲನು ದರ್ಶನದಲ್ಲಿ ಕಂಡ ಹೊಳೆಯೂ ಮೊದಲು ಕಾಲಿನ ಹರಡಿನ ತನಕ, ಆಮೇಲೆ ಮೊಣಕಾಲಿನ ತನಕ, ಅನಂತರ ಸೊಂಟದ ತನಕ ಏರಿತಷ್ಟೆ.

ಹೊಳೆ ದಾಟುವವನಿಗೆ ಶ್ಯಾಲೋ ನೀರು ಕ್ಷೇಮ. ಹಡಗಿನವನಿಗೆ ಅದೇ ಅಪಾಯ. ಪೌಲನನ್ನು ರೋಮಾಪುರಕ್ಕೆ ಒಯ್ಯುತ್ತಿದ್ದ ಹಡಗಿನವರು ರಾತ್ರಿಯಲ್ಲಿ ಅಳತೇಗುಂಡನ್ನು ಇಳಿಸಿ ನೋಡಲಾಗಿ ಮೊದಲು ೨೦ ಮಾರು, ಸ್ವಲ್ಪ ಮುಂದೆ ೧೫ ಮಾರು ಸಿಕ್ಕಿತು. ಆಳವು ಕಡಿಮೆಯಾಗುತ್ತಾ ಬಂದದ್ದರಿಂದಲೇ ಅವರು ಬಂಡೆಗಳಿಗೆ ಹೆದರಿ ಹಿಂಭಾಗದಿಂದ ೪ ಲಂಗರುಗಳನ್ನು ಬಿಟ್ಟರು. ಹೀಗಿರಲಾಗಿ ಈ ಮಾತು ತನ್ನಷ್ಟಕ್ಕೆ ನಿಂದೆಯೂ ಅಲ್ಲ, ಹೊಗಳಿಕೆಯೂ ಅಲ್ಲ. ಅಂಚು ತಗ್ಗಾದ ತಟ್ಟೆಗೂ ರೋಗಿಯ ಎದೆಯಲ್ಲಿ ಮೇಲೆ ಮೇಲೆ ಮಾತ್ರ ಆಡುವ ಉಸಿರಿಗೂ ಇದನ್ನೇ ಹೇಳುತ್ತಾರೆ.

ಮನುಷ್ಯನಿಗೆ ಹೇಳಿದರೆ ಮಾತ್ರ ಇದು ನಿಂದೆಯೇ ಸರಿ. ಇಲ್ಲಿ ಅನೇಕರು ತಪ್ಪುತ್ತಾರೆ; ಓದು ಬಾರದವನೇ ಶ್ಯಾಲೋ ಎಂದು ತಿಳಿಯುತ್ತಾರೆ. ಅಕ್ಷರವರಿಯದ ಅಜ್ಜಿಯೊಬ್ಬಳು ನೆರೆಮನೆಯ ದುಃಖವನ್ನು ವರುಷಗಟ್ಟಲೆ ತನ್ನದೆಂದು ಹೊತ್ತಿದ್ದರೆ ಆಕೆಗೆ ಈ ಮಾತು ಸಲ್ಲದು. ನಾಲ್ಕು ಭಾಷೆ ಬಲ್ಲವನು ಸಾವಿನ ಮನೆಯಲ್ಲಿ ಅತ್ತು ಮರುದಿನವೇ ಮರೆತರೆ ಅವನಿಗೆ ಚೆನ್ನಾಗಿ ಸಲ್ಲುವದು.

ಬಿತ್ತುವವನ ಸಾಮ್ಯದಲ್ಲಿ ಬಂಡೆಯ ನೆಲವೊಂದುಂಟಲ್ಲವೇ? ೧೬೧೧ನೆಯ ಇಸವಿಯ ಇಂಗ್ಲಿಷ್ ಸತ್ಯವೇದವು ಅಲ್ಲಿ ಮಣ್ಣಿಗೆ ಆಳವಿರಲಿಲ್ಲವೆಂದು ಹೇಳಿತು. ೧೯೭೮ರಲ್ಲಿ ಪೂರ್ಣವಾಗಿ ಅಚ್ಚಾದ ಹೊಸ ಭಾಷಾಂತರವೊಂದು ಶ್ಯಾಲೋ ಎಂಬ ಮಾತನ್ನೇ ಇಟ್ಟಿತು. ಬೇಸಾಯಗಾರರಾದ ನಾವು ಅಂಥ ಹೊಲವನ್ನು ಬಲ್ಲೆವು. ಮಣ್ಣೇನೂ ಕೆಟ್ಟದ್ದಲ್ಲ. ಬಂಡೆಯ ಮೇಲೆ ತೆಳ್ಳಗಿರುವದರಿಂದ ಅದು ಬೇಗ ಬೆಚ್ಚಗಾಗುತ್ತದೆ, ಪಕ್ಕದ ಹೊಲಕ್ಕಿಂತ ಮೊದಲೇ ಮೊಳಕೆ ಏಳುತ್ತದೆ, ಮನೆಯವರೆಲ್ಲಾ ಹಿಗ್ಗುತ್ತಾರೆ. ಬೇರಿಳಿಯಲು ಎಡೆಯಿಲ್ಲದೆ ಬಿಸಿಲಿಗೆ ಬಾಡಿಹೋಗುತ್ತದೆ. ಆದದರಿಂದ ಶ್ಯಾಲೋ ಎಂದರೆ ಕಪಟಿ ಎಂದು ಅರ್ಥ ಮಾಡಬಾರದು. ಆ ದಿವಸದ ಅವನ ಸಂತೋಷವು ನಿಜವಾದದ್ದೇ.

ಹಾಗಾದರೆ ಒಳ್ಳೆಯವನನ್ನು “ಬಹಳ ಆಳದ ಮನುಷ್ಯ”ನೆಂದು ಹೊಗಳೋಣವೇ? ಬೇಡ. “ಅವನ ಆಳ ತಿಳಿಯದು” ಎಂದರೆ ನಮ್ಮ ಹಳ್ಳಿಗಳಲ್ಲಿ ಜನರು ಹಣದ ಗಂಟನ್ನು ಭದ್ರ ಮಾಡಿಕೊಳ್ಳುವರು. ಇಂಗ್ಲಿಷಿನವರು ಸಹ ಗುಟ್ಟಿನ ಯುಕ್ತಿಗಾರನನ್ನು ಆಳವಾದವನೆಂದು ಕರೆಯುವದುಂಟು.